ಬೆಕ್ಕು ಒಪ್ಪಿದ ರೇಡಿಯೊ

ಚಿಕ್ಕಜಾಜೂರಿನ ಸ್ಟೇಷನ್ ರಸ್ತೆಯಲ್ಲಿದ್ದ ರೇಡಿಯೊ ರಿಪೇರಿಯವರು ಯಾವ ಪೆಟ್ಟಿಗೆಯನ್ನೇ ಆಗಲಿ, ಬಿಚ್ಚುವ ಮೊದಲು ಅದರ ನೆತ್ತಿ ಸವರುತ್ತಿದ್ದರು. ಆಮೇಲೆ ಹೇಳುವುದು ಒಂದೇ ಮಾತು: "ಮೈ ಹಂಗೇ ಇರ್ಲಿ, ಜೀವ ಬದ್ಲಾಯಿಸಾಣ."

ಎಪ್ಪತ್ತರ ದಶಕದಲ್ಲಿ ವಾಲ್ವುಗಳು ಸಿಗುವುದೇ ಕಷ್ಟವಾದಾಗ ನಮ್ಮ ಮನೆಯ ದೊಡ್ಡ ರೇಡಿಯೊಗೂ ಜೀವ ಬದಲಾಯಿಸಿದರು. ಮನೆಗೇ ಬಂದು ಗಾಜಿನ ವಾಲ್ವುಗಳನ್ನೆಲ್ಲ ಕಿತ್ತು, ಅಂಗೈಯಗಲದ ಟ್ರಾನ್ಸಿಸ್ಟರ್ ಹಲಗೆ ಕೂರಿಸಿದರು. ಮೊದಲೆಲ್ಲ ಗುಂಡಿ ತಿರುಗಿಸಿ, ಅಜ್ಜಿ ಕಾಫಿ ಸೋಸಿಕೊಂಡು ಬರುವಷ್ಟರಲ್ಲಿ ಅದು ನಿಧಾನವಾಗಿ ಬಿಸಿಯಾಗಿ ಮಾತಾಡುತ್ತಿತ್ತು. ಈಗ ಗುಂಡಿ ತಿರುಗಿಸಿದ್ದೇ ತಡ, ಹಾಡು ಹೊಮ್ಮಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಜ್ಜಿ ಮಾತ್ರ ಮುಖ ಊದಿಸಿಕೊಂಡರು.

"ಇದು ನಮ್ದಲ್ಲ ಕಣಪ್ಪ, ತಗಂಡೋಗು. ಬೆಕ್ಕು ನೋಡು, ಹತ್ರಾನೂ ಬರ್ತಿಲ್ಲ."

ನಿಜವೇ. ವಾಲ್ವುಗಳ ಬಿಸಿಗೆ ದಿನವೂ ರೇಡಿಯೊ ಮೇಲೆಯೇ ಮಲಗುತ್ತಿದ್ದ ನಮ್ಮ ಬೆಕ್ಕು, ತಣ್ಣಗಿನ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ ಇಳಿದು ಹೋಗಿತ್ತು. ರಿಪೇರಿಯವರು ಪೆಚ್ಚಾಗಿ ತಲೆ ಕೆರೆದುಕೊಂಡರು. ಆಮೇಲೆ ಅಂಗಡಿಗೆ ಓಡಿಹೋಗಿ ಪುಟ್ಟ ಬಲ್ಬೊಂದನ್ನು ತಂದು ಪೆಟ್ಟಿಗೆಯೊಳಗೆ, ನೆತ್ತಿಯ ಕೆಳಗೆ, ಸಿಕ್ಕಿಸಿದರು. ವಾಲ್ವುಗಳಿದ್ದಾಗಿನ ಹಳದಿ ಬೆಳಕು ಮತ್ತೆ ಬಂತು, ನೆತ್ತಿಯೂ ಬೆಚ್ಚಗಾಯಿತು. ಅವರು ಹಾಡಿಗೆ ಕಿವಿಗೊಡದೆ ಬೆಕ್ಕನ್ನೇ ನೋಡುತ್ತ ಕೂತರು.

ಬೆಕ್ಕು ಮೇಲೆ ಹತ್ತಿತು. ಮೂಸಿತು. ಒಂದು ಸುತ್ತು ತಿರುಗಿ, ಮುದುಡಿಕೊಂಡು ಮಲಗಿತು.

"ಪಾಸಾತು ಅಮ್ಮಾರೆ!" ಎಂದು ಅವರು ಕುಣಿದೇಬಿಟ್ಟರು. ಅಜ್ಜಿ ನಗುತ್ತ ಕಾಫಿ ಸೋಸಲು ಎದ್ದರು.

ಆಮೇಲೆ ಯಾರೇ ಹಳೆಯ ರೇಡಿಯೊ ಹೊತ್ತು ತಂದರೂ ಅವರು ಅದರ ನೆತ್ತಿ ಸವರಿ ಮೊದಲು ಕೇಳುತ್ತಿದ್ದರು:

"ಮನ್ಯಾಗೆ ಬೆಕ್ಕು ಐತೇನ್ರಿ?"