ಬಳೆ ತೊಟ್ಟ ಕಲ್ಲಪ್ಪ

ಪಾಠ ಮಾಡುವವರಿಗೆ ಒಂದು ಚಟವಿರುತ್ತದೆ. ತಪ್ಪು ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ನಾನು ಮದ್ದೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳುವವಳು. ಗಂಡನ ಊರು ಮಳವಳ್ಳಿಯಿಂದ ಪೂರಿಗಾಲಿಗೆ ಹೋಗುವ ದಾರಿಯಲ್ಲಿದೆ. ಅಲ್ಲಿ ಊರಾಚೆ ಬೇವಿನ ಮರದ ಬುಡದಲ್ಲಿ ನಿಂತ ಕಲ್ಲಿಗೆ ಕಲ್ಲಪ್ಪ ಅಂತ ಹೆಸರು. ಗಂಡು ದೇವರು, ಹೆಂಗಸರು ಹತ್ತಿರ ಸುಳಿಯುವಂತಿಲ್ಲ. ಹಬ್ಬದ ದಿನ ನಾವೆಲ್ಲ ಬೇಲಿಯಾಚೆ ನಿಂತು ಕೈ ಮುಗಿಯಬೇಕು.

ನಮ್ಮತ್ತೆಗೆ ಅದೊಂದೇ ಕೊರಗು. ಮಾವ ತೀರಿಕೊಂಡ ಮೇಲೂ ಹಬ್ಬದ ಮುನ್ನಾದಿನ ಅರಿಶಿನ ಅರೆದು, ಹೂ ಕಟ್ಟಿ, ಗಂಡಸರ ಕೈಗೆ ಕೊಟ್ಟು ಕಳಿಸುವವರು ಅವರೇ. "ಸಾಯೋದ್ರೊಳ್ಗೆ ಒಂದ್ಸಲನಾರ ನನ್ ಕೈಯಾರೆ ಊವ ಇಕ್ಬೇಕು ಕಣಮ್ಮಿ" ಅನ್ನುತ್ತಿದ್ದರು.

ಕಳೆದ ವರ್ಷ ಗಂಡಸರು ಕಲ್ಲಿಗೆ ಮೆತ್ತಿದ್ದ ಎಣ್ಣೆಜಿಡ್ಡನ್ನು ಕೆರೆದು ತೊಳೆದರು. ನನ್ನ ಗಂಡ ಫೋಟೊ ತೆಗೆದು ತಂದು ತೋರಿಸಿದರು. ನೋಡಿ ದಂಗಾದೆ. ಕಲ್ಲಿನ ನಡುವೆ ಕೆತ್ತಿದ ಒಂದು ಕಂಬ, ಕಂಬದಿಂದ ಚಾಚಿ ಮೇಲಕ್ಕೆ ಮಡಿಸಿದ ತೋಳು, ಮುಂಗೈ ತುಂಬ ಬಳೆ. ಅದು ಮಾಸ್ತಿಕಲ್ಲು. ಗಂಡನ ಚಿತೆಯಲ್ಲೇ ಸುಟ್ಟುಹೋದ ಹೆಂಗಸಿನ ನೆನಪಿಗೆ ಹಿಂದಿನವರು ನಿಲ್ಲಿಸುತ್ತಿದ್ದ ಕಲ್ಲು. ಒಬ್ಬ ಹೆಂಗಸನ್ನು ಕಲ್ಲಪ್ಪ ಮಾಡಿ, ಹೆಂಗಸರನ್ನೇ ಬೇಲಿಯಾಚೆ ನಿಲ್ಲಿಸಿದ್ದರಲ್ಲ, ಮೈಯೆಲ್ಲ ಉರಿದುಹೋಯಿತು.

ಪೂಜೆ ಮಾಡುವವರು ಗಂಡನ ದೊಡ್ಡಪ್ಪ. ಫೋಟೊ ಹಿಡಿದು ಅವರ ಜಗಲಿಗೆ ಎಷ್ಟು ಸಲ ಅಲೆದೆನೋ. "ಮೇಷ್ಟ್ರಮ್ಮ, ನಿನ್ ಪಾಠನೆಲ್ಲ ಮದ್ದೂರಲ್ಲೇ ಮಡಿಕೊ" ಅಂದರು. ಬಳೆಯನ್ನು ಕಡಗ ಅಂದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ನನ್ನ ಗಂಡ ಮತ್ತು ಅವರ ವಾರಗೆಯವರು ಬೇರೆ ಊರುಗಳ ಮಾಸ್ತಿಕಲ್ಲುಗಳನ್ನು ಫೋನಿನಲ್ಲಿ ತೋರಿಸಿದ ಮೇಲೆ ಒಪ್ಪಿದರು. ಕಲ್ಲಪ್ಪ ಮಾಸ್ತಮ್ಮನಾದಳು. ನಾನು ಗೆದ್ದೆ ಅಂತ ಬೀಗಿದ್ದೇ ಬೀಗಿದ್ದು.

ಈ ಸಲದ ಹಬ್ಬಕ್ಕೆ ಬೇಲಿ ತೆಗೆದು ದಾರಿ ಬಿಟ್ಟಿದ್ದರು. ಅತ್ತೆ ಹೂವಿನ ತಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ಹೆಜ್ಜೆ ಇಟ್ಟರು. ದೊಡ್ಡಪ್ಪ ಅಡ್ಡ ಬಂದರು.

"ನೀನ್ ಬ್ಯಾಡ ಕಣವ್ವ. ಎಣ್ ದೇವ್ರು, ಮುತ್ತೈದೇರು ಬರ್ಲಿ."

ಆ ಕಲ್ಲಿನವಳೂ ಗಂಡ ಸತ್ತವಳೇ ಅಲ್ಲವಾ ಅಂತ ನಾನು ಜಗಳಕ್ಕೇ ನಿಂತೆ.

"ಅವ್ಳು ಗಂಡನ್ ಜೊತೇಲೇ ಬೆಂಕಿಗ್ ಬಿದ್ಲು. ಅದ್ಕೇ ದೇವ್ರಾದ್ಲು" ಅಂದರು, ತಣ್ಣಗೆ.

ಅತ್ತೆ ತಟ್ಟೆಯನ್ನು ನನ್ನ ಕೈಗಿಟ್ಟು, "ಬುಡಮ್ಮಿ, ನೀನೇ ಇಕ್ಬುಟ್ಟು ಬಾ" ಅಂದರು. ಹೆಂಗಸರೆಲ್ಲ ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ನುಗ್ಗಿದರು. ಗಂಡನನ್ನು ಕಳೆದುಕೊಂಡ ಉಳಿದವರು ಆಗಲೇ ಮನೆ ದಾರಿ ಹಿಡಿದಿದ್ದರು. ಅಷ್ಟು ವರ್ಷ ಊರ ಹೆಂಗಸರ ಜೊತೆಯಲ್ಲಿ ಹೊರಗೆ ನಿಲ್ಲುತ್ತಿದ್ದ ನಮ್ಮತ್ತೆ, ನನ್ನ ದೆಸೆಯಿಂದ ಈಗ ಒಬ್ಬರೇ ನಿಂತಿದ್ದರು.