ಅಕ್ಕನ ಮನೆಯ ಗೋಡೆ

ನನ್ನ ಸೋದರಮಾವ ಗೋಡೆ ಬರೆಯುವವನು. ಚುನಾವಣೆ ಬಂತೆಂದರೆ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಬೆಳಿಗ್ಗೆ ಒಂದು ಪಕ್ಷಕ್ಕೆ, ಸಂಜೆ ಅದರ ಎದುರಾಳಿಗೆ. ಬಣ್ಣ ಬೇರೆ, ಬ್ರಷ್ಷು ಅದೇ. “ನಿಂಗೆ ನಾಚಿಕೆ ಆಗಲ್ವಾ ಮಾವ?” ಎಂದರೆ, “ನಾಚಿಕೆ ಪಟ್ಕೊಂಡು ಏಣಿ ಹತ್ತೋಕಾಗಲ್ಲ ಕಣೇ” ಎನ್ನುತ್ತಿದ್ದ.

ಘೋಷಣೆ ಕಟ್ಟಿಕೊಡುತ್ತಿದ್ದವನೂ ಅವನೇ. ಪಕ್ಷದವರು ಉದ್ದುದ್ದದ ಸಾಲು ತಂದರೆ ಮುಖ ಸಿಂಡರಿಸಿ ಅರ್ಧಕ್ಕರ್ಧ ಹೊಡೆದುಹಾಕುತ್ತಿದ್ದ. ಸ್ಕೂಟರಿನಲ್ಲಿ ಹೋಗುವವನು ಕತ್ತು ತಿರುಗಿಸುವಷ್ಟರಲ್ಲಿ ಓದಿ ಮುಗಿಯಬೇಕು, ಮನೆ ಸೇರಿದ ಮೇಲೂ ಅವನ ಬಾಯಲ್ಲಿ ಉಳಿಯಬೇಕು. ಯಾವಾಗ ಮಾಡುತ್ತೇವೆ ಎಂಬುದನ್ನು ಮಾತ್ರ ಅಪ್ಪಿತಪ್ಪಿಯೂ ಹಾಕಬಾರದು. “ಯಾವಾಗ ಅಂತ ಬರೆದ್ರೆ ಜನ ಲೆಕ್ಕ ಇಡ್ತಾರೆ. ಬರೀದಿದ್ರೆ ನಂಬ್ಕೊಂಡು ಇರ್ತಾರೆ.” ಅವನು ನಗುತ್ತಿದ್ದ, ನಾನೂ ನಗುತ್ತಿದ್ದೆ. ಗೆದ್ದವರು ಮರೆತ ಮಾತಿನ ಮೇಲೆ ಮುಂದಿನ ಚುನಾವಣೆಗೆ ಸುಣ್ಣ ಬಳಿಯುತ್ತಿದ್ದವನೂ ಅವನೇ. ತಾನು ಬರೆದದ್ದನ್ನು ಅವನು ಎಂದೂ ನಂಬಿದವನಲ್ಲ. ನಂಬಿದ್ದು ಒಂದೇ ಸಲ, ಅದು ನಮ್ಮ ಗ್ರಹಚಾರ.

ನಮ್ಮ ಮನೆ ರೈಲು ನಿಲ್ದಾಣದ ಹಿಂದಿನ ಇಕ್ಕಟ್ಟಾದ ಬೀದಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಮೆಷಿನ್. ಕಿಟಕಿಯಿಂದಲೇ ಬಟ್ಟೆ ಕೊಟ್ಟು, ಕಿಟಕಿಯಿಂದಲೇ ಈಸಿಕೊಂಡು ಹೋಗುವವರು ಬೇಕಾದಷ್ಟಿದ್ದರು. ರಸ್ತೆ ಅಗಲ ಮಾಡಲು ಬೀದಿಯನ್ನೇ ಕೆಡವುತ್ತಾರೆಂದು ಸುದ್ದಿಯಾಯಿತು. ಈಗಲೇ ಬೀಗದ ಕೈ ಒಪ್ಪಿಸಿದವರಿಗೆ ಮಾರುಕಟ್ಟೆ ಪಕ್ಕದ ಕಟ್ಟಡದಲ್ಲಿ ನೆಲಮಹಡಿಯ ಮನೆ, ಆಮೇಲೆ ಬಂದವರಿಗೆ ಊರಾಚೆ ಸಿಕ್ಕಿದ್ದು. ಅಮ್ಮ ಆಗಲೇ ಹೊರಡಲು ಪಾತ್ರೆ ಕಟ್ಟಿಟ್ಟಿದ್ದಳು.

ಅಷ್ಟರಲ್ಲಿ ಚುನಾವಣೆ ಬಂತು. ಒಬ್ಬ ಅಭ್ಯರ್ಥಿ ನಮ್ಮ ಬೀದಿಗೆಂದೇ ಒಂದು ಮಾತು ಬೇಕೆಂದ. ಮಾವ ಬರೆದ: ‘ಈ ಬೀದಿ ನಿಮ್ಮದು. ಮುಟ್ಟಲು ಬಿಡೆವು.’ ಬರೆದದ್ದು ನಮ್ಮದೇ ಗೋಡೆಯ ಮೇಲೆ, ಅಮ್ಮನ ಕಿಟಕಿಯ ಪಕ್ಕ. ನೋಡಲು ಬಂದ ಅಭ್ಯರ್ಥಿ ಎಲ್ಲರೆದುರು ಮಾವನ ಹೆಗಲ ಮೇಲೆ ಕೈಹಾಕಿ, “ನೀನು ಬರೆದಿದ್ದನ್ನ ಉಳಿಸೋದು ನನ್ನ ಜವಾಬ್ದಾರಿ ಕಣಪ್ಪ” ಎಂದ. ಅಷ್ಟು ವರ್ಷ ಗೋಡೆ ಬರೆದರೂ ಮಾವನ ಹೆಗಲು ಮುಟ್ಟಿ ಮಾತಾಡಿದವರು ಯಾರೂ ಇರಲಿಲ್ಲ. ಊರಿಗೆಲ್ಲ ಬೆಣ್ಣೆ ಹಚ್ಚುವ ಮಾತು ಕಟ್ಟಿಕೊಟ್ಟವನು ಅಂದು ತಾನೇ ಕರಗಿಹೋದ.

ಸಂಜೆ ಅಮ್ಮ ಕೇಳಿದಳು: “ಬೇರೆಯವರ ಗೋಡೆ ಕಥೆ ಬಿಡು. ಇದು ನಿಜವೇನೋ?”

“ನಾನಿದೀನಲ್ಲ ಅಕ್ಕ. ಧೈರ್ಯವಾಗಿರು.”

ಅಮ್ಮ ಕಟ್ಟಿದ ಪಾತ್ರೆ ಬಿಚ್ಚಿ ಮತ್ತೆ ಗೂಡಿನಲ್ಲಿ ಜೋಡಿಸಿದಳು. ಒಡಹುಟ್ಟಿದ ಅಕ್ಕನ ಗೋಡೆ ಮೇಲೆ ಯಾರಾದರೂ ಸುಳ್ಳು ಬರೆಯುತ್ತಾರಾ ಎಂದುಕೊಂಡು ಬೀದಿಯವರೂ ಬೀಗದ ಕೈ ಕೊಡಲಿಲ್ಲ.

ಅಭ್ಯರ್ಥಿ ಗೆದ್ದ. ಹಿಂದೆಯೇ ಮನೆ ಬಿಡಿ ಎಂಬ ನೋಟಿಸೂ ಬಂತು. ಮಾವ ಅವನ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತೇ ಕೂತ. ಕೊನೆಗೆ ಒಬ್ಬ ಸಹಾಯಕ ಹೊರಗೆ ಬಂದು, “ಮುಟ್ಟೋಕೆ ಬಿಡಲ್ಲ ಅಂತ ಬರೆದಿದ್ದು ನೀನಲ್ವೇನಪ್ಪ? ನಾವೆಲ್ಲಿ ಹೇಳಿದ್ವಿ?” ಎಂದನಂತೆ. ಜೆಸಿಬಿ ಬಂದ ದಿನ ಮಾವ ಎದುರಿನ ಫುಟ್‌ಪಾತಿನಲ್ಲಿ ನಿಂತು ತನ್ನ ಅಕ್ಷರಗಳು ಉರುಳುವುದನ್ನು ಪೂರ್ತಿ ನೋಡಿದ. ಬಾ ಎಂದು ನಾನು ಕೈಹಿಡಿದು ಎಳೆದರೂ ಬರಲಿಲ್ಲ.

ನಮಗೆ ಸಿಕ್ಕಿದ್ದು ಊರಾಚೆ, ಮೇಲಿನ ಮಹಡಿಯ ಕಟ್ಟಕಡೆಯ ಮನೆ. ಅಮ್ಮನ ಗಿರಾಕಿಗಳು ಅಷ್ಟು ದೂರ ಯಾಕೆ ಬಂದಾರು? ಅಮ್ಮ ಮಾವನನ್ನು ಬೈಯಲಿಲ್ಲ, ಬಂದಾಗಲೆಲ್ಲ ತಟ್ಟೆ ಹಾಕಿ ಊಟಕ್ಕೆ ಕೂರಿಸುತ್ತಿದ್ದಳು. ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತೋ ಏನೋ. ನನಗಂತೂ ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ; ಆದರೂ ಅವನ ಸೊರಗಿದ ಮುಖ ನೋಡಿದರೆ ಎದ್ದು ಹೋಗಿ ಟೀ ಕಾಯಿಸಿ ಕೊಡುತ್ತಿದ್ದೆ. ಘೋಷಣೆ ಬರೆಯುವುದನ್ನು ಅವನು ಬಿಟ್ಟೇಬಿಟ್ಟ. ಈಗ ಗಾಡಿಗಳ ನಂಬರ್ ಪ್ಲೇಟು ಬರೆಯುತ್ತಾನೆ.

ಕಳೆದ ತಿಂಗಳು ಅಮ್ಮನಿಗೆಂದು ಒಂದು ಬೋರ್ಡು ತಂದ. ಬರೆದದ್ದು ‘ಟೈಲರ್’ ಅಂತ, ಅಷ್ಟೇ.

“ಇಷ್ಟೇನಾ? ಚೆನ್ನಾಗಿ ಹೊಲೀತಾರೆ ಅಂತ ಕೆಳಗೆ ಬರಿ” ಎಂದಳು ಅಮ್ಮ.

“ಬೇಡ ಅಕ್ಕ. ನನ್ನ ಕೈಯಲ್ಲಿ ಅಂಥದ್ದೆಲ್ಲ ಬೇಡ.”

“ಬರಿಯೋ. ಇದಾದ್ರೂ ನಿಜ ತಾನೆ?”

ಮಾವ ನೆಲದ ಮೇಲೆ ಕೂತು ಬರೆದ. ಬರೆಯುವಾಗ ಮೂಗು ಒರೆಸಿಕೊಂಡು ಕೆನ್ನೆಗೆಲ್ಲ ಬಣ್ಣ ಮಾಡಿಕೊಂಡ. ಹಳೆಯ ಅಭ್ಯಾಸ, ಸ್ಕೂಟರಿನಲ್ಲಿ ಹೋಗುವವನಿಗೂ ಕಾಣುವಂಥ ದಪ್ಪ ಅಕ್ಷರ. ಬೋರ್ಡನ್ನು ಬಾಗಿಲ ಪಕ್ಕ ತೂಗುಹಾಕಿದ್ದೇವೆ. ಅಮ್ಮ ಬೆಳಿಗ್ಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು ಬಾಗಿಲಿಗೆ ಮುಖಮಾಡಿ ಕೂರುತ್ತಾಳೆ. ನಮ್ಮದು ಕಡೆಯ ಮನೆ, ಆ ಬಾಗಿಲ ಮುಂದೆ ಹಾದುಹೋಗುವವರು ಯಾರೂ ಇಲ್ಲ.