ನಾಲಿಗೆಗೆ ಹಚ್ಚಿದ ಗುಟ್ಟಿ

ನಾನು ಕೂತಲ್ಲಿ ಕೂಡುವ ಹೆಂಗಸಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ತವರಿನಲ್ಲೂ ಬೈದರು, ಯರಗುಪ್ಪಿಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯೂ ಬೈದರು. ಮಗಳು ಹುಟ್ಟಿದ ಮೇಲೆ ಆ ಚಕ್ರ ನಿದ್ದೆಯಲ್ಲೂ ತಿರುಗತೊಡಗಿತು. ತುಟಿ ಚೆಂದ, ಮೂಗು ಚೆಂದ, ಬಾಯಿ ತೆರೆದರೆ ಮಾತ್ರ ಒಳಗೆ ಅಂಗುಳು ಸೀಳಿತ್ತು. ಮೊಲೆ ಚೀಪಲು ಅವಳಿಂದ ಆಗಲಿಲ್ಲ. ಕುಡಿಸಿದ ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು.

ಓಣಿಯ ಹೆಂಗಸರು ನೋಡಲು ಬಂದವರು ಬಾಯಿಗೆ ಕೈ ಇಟ್ಟುಕೊಂಡು, "ಗ್ರಹಣದಾಗ ಏನ್ ಹೆಚ್ಚಿದ್ದೀ ಬೇ?" ಎಂದು ನನ್ನನ್ನೇ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅತ್ತೆ ಒಳಗಿನಿಂದ ಬಂದು, "ಆವತ್ತ ಈಳಿಗಿ ಹಿಡದಾಕಿ ನಾನು. ನನ್ನ ಬಾಯಿ ನೆಟ್ಟಗೈತಿ, ನೋಡ್ರಿ" ಎಂದು ಅವರ ಮುಂದೆ ಬಾಯಿ ತೆರೆದು ತೋರಿಸಿದರು. ಆಮೇಲೆ ಯಾರೂ ಗ್ರಹಣದ ಮಾತು ಎತ್ತಲಿಲ್ಲ.

ಮಗು ಬದುಕಿದ್ದೇ ಅತ್ತೆಯ ಕೈಯಲ್ಲಿ. ನಮ್ಮ ಹೊಲದ ಹತ್ತಿಯ ಬೀಜ ಬಿಡಿಸಿ, ಬತ್ತಿ ಹೊಸೆದು, ಆಡಿನ ಹಾಲಿನಲ್ಲಿ ಅದ್ದಿ ತುಟಿಯ ಮೂಲೆಯಿಂದ ಹನಿ ಹನಿ ಬಿಡುತ್ತಿದ್ದರು. ಒಂದು ಕೈಯಲ್ಲಿ ಬತ್ತಿ, ಇನ್ನೊಂದು ಕೈಯಲ್ಲಿ ಸೆರಗಿನ ತುದಿ. ಆ ತುದಿ ಯಾವಾಗಲೂ ಮಗುವಿನ ಮೂಗಿನ ಕೆಳಗೆ. ಹಾಲು ಮೂಗಿಗೆ ಬಂದ ಕೂಡಲೇ ಒರೆಸಬೇಕು, ಇಲ್ಲದಿದ್ದರೆ ಕೂಸು ಉಸಿರು ಕಟ್ಟಿ ನೀಲಿಯಾಗುತ್ತಿತ್ತು. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ನಾಲ್ಕು ಹನಿಗೇ ಬತ್ತಿಯನ್ನು ಅತ್ತೆಯ ಕೈಗೆ ಕೊಟ್ಟು ಎದ್ದುಬಿಡುತ್ತಿದ್ದೆ. ಅತ್ತೆಯ ಸೀರೆಗಳಿಗೆಲ್ಲ ಸೆರಗಿನ ಒಂದು ಮೂಲೆ ಹಾಲಿನಿಂದ ಗಡಸಾಗಿತ್ತು, ತೊಳೆದರೂ ಹೋಗುತ್ತಿರಲಿಲ್ಲ.

ಅತ್ತೆಗೆ ಇನ್ನೊಂದು ಹೆಸರಿತ್ತು: ಮಕ್ಕಳನ್ನು ಮಲಗಿಸುವಾಕೆ. ಹೊಲಕ್ಕೆ ಕಳೆ ಕೀಳಲು ಹೋಗುವ ಹೆಂಗಸರು ಹಟ ಮಾಡುವ ಕೂಸನ್ನು ಎತ್ತಿಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ಅತ್ತೆ ಸಾಣೆಕಲ್ಲಿನ ಮೇಲೆ ಜಾಯಿಕಾಯಿ, ಬಜೆ ತೇಯ್ದು, ಅದಕ್ಕೆ ಸಾಸಿವೆಯಷ್ಟು ಅಫೀಮು ಸೇರಿಸಿ, ಬೆರಳಿನಿಂದ ಕೂಸಿನ ನಾಲಿಗೆಗೆ ಹಚ್ಚುತ್ತಿದ್ದರು. ಅದಕ್ಕೆ ಗುಟ್ಟಿ ಎನ್ನುತ್ತಿದ್ದರು. ಕೂಸು ಹೊಲದ ಬದುವಿನ ಬೇವಿನ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಹೊತ್ತು ಇಳಿಯುವತನಕ ಮಲಗುತ್ತಿತ್ತು, ತಾಯಿ ಕೂಲಿ ಮುಗಿಸಿ ಬರುತ್ತಿದ್ದಳು. ಆ ಕಾಲದಲ್ಲಿ ಅದರಲ್ಲಿ ತಪ್ಪು ಕಂಡವರನ್ನು ನಾನು ಕಾಣೆ.

ಮಗಳಿಗೆ ಎರಡು ತುಂಬಿತ್ತು. ಆಡುವ ಮಾತೆಲ್ಲ ಮೂಗಿನಲ್ಲಿಯೇ ಕರಗುತ್ತಿತ್ತು, ಅವಳ ಮಾತು ಮನೆಯವರಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಂಶಿಯ ಶಾಲೆಯಲ್ಲಿ ಮಾಸ್ತರರಾಗಿದ್ದ ನನ್ನ ಯಜಮಾನರು ಯಾರಿಂದಲೋ ಕೇಳಿ ಬಂದು, ಹುಬ್ಬಳ್ಳಿಯಲ್ಲಿ ಸೀಳಿದ ಅಂಗುಳನ್ನು ಹೊಲಿಯುತ್ತಾರೆ ಎಂದರು. ಅತ್ತೆ ಒಪ್ಪಲು ಬಹಳ ದಿನ ಬೇಕಾಯಿತು. ಕೊನೆಗೆ ಅವರು ಕೇಳಿದ ಪ್ರಶ್ನೆ ಒಂದೇ: "ಕೊಯ್ಯೂ ಮುಂದ ಕೂಸಿಗೆ ಗೊತ್ತಾಗ್ತೈತೇನು?"

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಒಬ್ಬ ಹೆಂಗಸು. ಬಿಳಿ ಸೀರೆ, ಮೆತ್ತಗಿನ ಮಾತು. ಹಿಂದಿನ ದಿನವೇ ಬಂದು ಹೇಳಿದರು: "ನಾಳೆ ಮುಂಜಾನೆ ಏನೂ ಕೊಡಬ್ಯಾಡ್ರಿ. ಹಾಲು ಬ್ಯಾಡ, ನೀರು ಬ್ಯಾಡ. ನಾವೊಂದು ಸಿರಪ್ ಕೊಡತೀವಿ, ಕೂಸು ಅಂಜೂದಿಲ್ಲ, ಮಂಪರಾಗತದ. ಒಳಗ ಹೋದಮ್ಯಾಲ ಪೂರಾ ನಿದ್ದಿ." ಅತ್ತೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನಾನು ನಂಬಿದೆ.

ಮುಂಜಾನೆ ಮಗು ಹಸಿವಿಗೆ ಒಂದೇ ಸಮನೆ ಅತ್ತಿತು. ನನಗೆ ಆ ಅಳು ತಡೆಯಲಾಗಲಿಲ್ಲ, ಅತ್ತೆಯ ತೊಡೆಗೆ ಹಾಕಿ ನಳದ ಕಡೆಗೆ ಹೋದೆ. ತಿರುಗಿ ಬಂದಾಗ ಸುಮ್ಮನಾಗಿದ್ದಳು. ನಿದ್ದೆಗಣ್ಣು. ಪಾಪ, ಅತ್ತು ದಣಿದಳು ಎಂದುಕೊಂಡೆ. ಆಮೇಲೆ ಸಿಸ್ಟರ್ ಬಂದು ಸಿರಪ್ ಕುಡಿಸಿ ಹೋದಳು.

ಡಾಕ್ಟರಬಾಯಿ ಕರೆದೊಯ್ಯಲು ಬಂದವರು ಮಗುವಿನ ಗಲ್ಲ ತಟ್ಟಿದರು. ಮಗು ಏಳಲಿಲ್ಲ. ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ನೋಡಿದರು, ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿತ್ತು. ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತ ನಿಂತರು. ಒಂದು ಉಸಿರು ಬಂತು. ಇನ್ನೊಂದು ಬರಲು ಎಷ್ಟು ಹೊತ್ತಾಯಿತೆಂದರೆ ನಾನು ಅವರ ಕೈಯನ್ನೇ ಹಿಡಿದುಕೊಂಡೆ.

"ಏನ್ ಕೊಟ್ಟೀರಿ ಕೂಸಿಗೆ?" ಎಂದರು. ಮೆತ್ತಗಿನ ಮಾತು ಎಲ್ಲಿಗೋ ಹೋಗಿತ್ತು.

"ಏನೂ ಕೊಟ್ಟಿಲ್ರಿ, ದೇವರಾಣಿ" ಎಂದೆ ನಾನು.

ಅತ್ತೆ ಮಗುವಿನ ಮುಖ ನೋಡಿದರು, ಡಾಕ್ಟರ ಮುಖ ನೋಡಿದರು. "ಬಾಯಾರ, ನಾ ಗುಟ್ಟಿ ಹಚ್ಚೀನ್ರಿ. ಅದು ಊಟಲ್ಲ, ನೀರಲ್ಲ, ನಾಲಿಗಿಗೆ ಒಂದು ಬಟ್ಟು ಅಷ್ಟ. ನಿಮ್ಮ ನಿದ್ದಿ ನಡುವ ಹರೀತಂದ್ರ ಕೂಸಿಗೆ ಚಾಕುದ್ದು ನೋವು ಗೊತ್ತಾಗಬಾರದಂತ…" ಸೊಂಟದ ಸಂಚಿ ಬಿಚ್ಚಿ, ತೇಯ್ದು ತಂದಿದ್ದ ಗುಟ್ಟಿಯ ಸಣ್ಣ ಕರಡಿಗೆ ತೆಗೆದು ಅವರ ಕೈಗೆ ಕೊಟ್ಟುಬಿಟ್ಟರು.

ಡಾಕ್ಟರು ಅದನ್ನು ಮೂಸಿ ನೋಡಿದರು. "ಅಜ್ಜಿ, ನಮ್ಮ ಔಷಧ ಕೂಸಿನ ತೂಕ ನೋಡಿ ಕೊಟ್ಟಿರತೀವಿ. ಅದರ ಮ್ಯಾಲ ನಿಮ್ಮ ಅಫೀಮು ಬಿದ್ದರ ಉಸಿರು ನಿಂತ ಹೋಗತದ. ಕೂಸನ್ನ ಹಿಂಗ ಒಳಗ ಒಯ್ದಿದ್ದರ ಅದು ನಿಮಗ ಸಿಗತಿರಲಿಲ್ಲ."

ಆಪರೇಷನ್ ನಿಂತಿತು. ಮೂಗಿಗೆ ಗಾಳಿಯ ನಳಿಗೆ ಹಚ್ಚಿ, ಒಬ್ಬ ಸಿಸ್ಟರನ್ನು ಪಕ್ಕದಲ್ಲಿ ನಿಲ್ಲಿಸಿ, ಮಗುವನ್ನು ಪೂರಾ ಮಲಗಲು ಬಿಡಬಾರದು ಎಂದರು. ಅಂಗಾಲು ತಟ್ಟಬೇಕು, ಹೆಸರು ಹಿಡಿದು ಕರೆಯುತ್ತಲೇ ಇರಬೇಕು. ಊರ ಮಕ್ಕಳನ್ನೆಲ್ಲ ಮಲಗಿಸಿದ ನಮ್ಮತ್ತೆ ಹೊತ್ತು ಇಳಿಯುವತನಕ ಮೊಮ್ಮಗಳ ಅಂಗಾಲು ತಟ್ಟುತ್ತ, "ಏಳಽ ನನ್ನವ್ವ, ಮಲಗಬ್ಯಾಡಽ" ಎಂದು ಕರೆದರು. ಗಂಟಲು ಬಿದ್ದುಹೋಯಿತು, ಬಿಡಲಿಲ್ಲ. ನಾನು ವರಾಂಡದ ಈ ತುದಿಯಿಂದ ಆ ತುದಿಗೆ ಅಲೆದೆ. ಪ್ರತಿ ಸಲ ಮಂಚದ ಹತ್ತಿರ ಬಂದಾಗ ಎದೆ ಏಳುತ್ತಿದೆಯೇ ಎಂದು ನೋಡಿ ಮತ್ತೆ ಹೊರಡುತ್ತಿದ್ದೆ. ಇಳಿಹೊತ್ತಿಗೆ ಮಗು ಕಣ್ಣು ಬಿಟ್ಟು ಹಾಲಿಗಾಗಿ ರಚ್ಚೆ ಹಿಡಿಯಿತು. ಆಗ ನನ್ನ ಬಾಯಿ ತೆರೆಯಿತು.

"ಕೊಂದಬಿಡ್ತಿದ್ರಲ್ರಿ ಅತ್ತಿ" ಎಂದೆ. ಸೊಸೆಯಾದವಳು ಆಡುವ ಮಾತಲ್ಲ. ವಾರ್ಡಿನ ಹೆಂಗಸರೆಲ್ಲ ನಮ್ಮ ಕಡೆ ತಿರುಗಿದರು. ಅತ್ತೆ "ಹೌದವಾ" ಎಂದಷ್ಟೇ ಹೇಳಿದರು.

ಡಾಕ್ಟರು ಒಂದು ತಿಂಗಳು ಬಿಟ್ಟು ಬರಲು ಹೇಳಿದರು. ಆ ತಿಂಗಳು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಮನೆಯಲ್ಲಿದ್ದ ಜಾಯಿಕಾಯಿ, ಅಫೀಮು ಎಲ್ಲ ತಿಪ್ಪೆಗೆ ಎಸೆದೆ. ಮಗು ಮಧ್ಯಾಹ್ನ ಸಹಜವಾಗಿ ಮಲಗಿದರೂ ಒಲೆ ಬಿಟ್ಟು ಓಡಿ ಬಂದು ಮೂಗಿನ ಹತ್ತಿರ ಅಂಗೈ ಹಿಡಿಯುತ್ತಿದ್ದೆ. ರೊಟ್ಟಿ ಸೀದವು, ಸಾರು ಉಕ್ಕಿತು. ಅತ್ತೆ ಕಟ್ಟೆಗೆ ಬಂದ ಹೆಂಗಸರನ್ನು "ನನ್ನ ಕಡೆ ಇಲ್ಲವ್ವ ಇನ್ನ" ಎಂದು ತಿರುಗಿ ಕಳಿಸುತ್ತಿದ್ದರು. ನನ್ನೊಂದಿಗೆ ಮಾತು ಬೇಕಾದಷ್ಟಕ್ಕೆ ಮಾತ್ರ. ನನಗೆ ಸಿಟ್ಟು ಇಳಿಯಲಿಲ್ಲ. ಆದರೆ ಈ ಕೂಸಿಗೆ ಜೀವ ಕೊಟ್ಟವರೂ ಅವರೇ ಅಲ್ಲವೇ ಎಂಬುದು ಒಳಗೆ ಕೊರೆಯುತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚುತ್ತಿತ್ತು.

ಎರಡನೆಯ ಸಲ ಅವರನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದಿದ್ದೆ. ಆದರೆ ಮಗು ಅವರ ಸೊಂಟ ಬಿಟ್ಟು ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಆ ಮುಂಜಾನೆ ಮಗು ಮತ್ತೆ ಹಸಿವಿಗೆ ಅತ್ತಿತು, ನನ್ನ ತೋಳಿನಿಂದ ಅಜ್ಜಿಯ ಕಡೆಗೇ ಜಿಗಿಯಿತು. ನಾನು ಕೊಡಲಿಲ್ಲ. ಬಿಗಿಯಾಗಿ ಹಿಡಿದುಕೊಂಡು ನಿಂತೆ.

ಅತ್ತೆ ಸೊಂಟದ ಸಂಚಿ ಬಿಚ್ಚಿದರು. ಮಂಚದ ಮೇಲೆ ಬೋರಲು ಹಾಕಿ ಕೊಡವಿದರು. ಸೆರಗು ಬಿಚ್ಚಿ ಝಾಡಿಸಿದರು. ಎರಡೂ ಅಂಗೈ ನನ್ನ ಮುಂದೆ ಚಾಚಿ, "ನೋಡ್ಕೊ" ಎಂದರು.

ನಾನು ನೋಡಿದೆ. ಹಿರಿಯರಿಗೆ ಅವಮಾನ ಎಂದು ಕಣ್ಣು ತಿರುಗಿಸಲಿಲ್ಲ. ಒಂದೊಂದನ್ನೂ ಮುಟ್ಟಿ ನೋಡಿದೆ, ಬೆರಳುಗಳನ್ನು ಮೂಸಿಯೂ ನೋಡಿದೆ. ಇವತ್ತಿಗೂ ಅದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಮತ್ತೆ ಒಂದು ತೊಳೆದ ಬಿಳಿ ಅರಿವೆಯ ಗಂಟು. ಅದನ್ನೂ ಬಿಚ್ಚಿದೆ. ಒಳಗೆ ಹತ್ತಿಯ ಬತ್ತಿಗಳು, ಹೊಸದಾಗಿ ಹೊಸೆದವು.

"ಹೊಲಿಗಿ ಹಾಕಿದ ಬಾಯಾಗ ಚಮಚ ಇಡಾಕ ಬರೂದಿಲ್ಲಲ್ಲ" ಎಂದರು ಅತ್ತೆ, "ಅದಕ್ಕ ತಂದೀನಿ."

ನಾನು ಮಗುವನ್ನು ಅವರ ಕೈಗೆ ಕೊಟ್ಟೆ. ಸಿಸ್ಟರ್ ಸಿರಪ್ ಕುಡಿಸಿದಳು. ಮಗು ಅವರ ಹೆಗಲ ಮೇಲೆ ಮಂಪರಾಗುವಾಗ ಅವರ ಕೈ ಅದರ ಎದೆಯ ಮೇಲೆಯೇ ಇತ್ತು. ಬಾಗಿಲತನಕ ಅವರೇ ಎತ್ತಿಕೊಂಡು ಹೋದರು.

ಬಾಗಿಲು ಮುಚ್ಚಿತು. ನಾನು ಅಲೆದೆ, ಅತ್ತೆ ಗೋಡೆಗೆ ಆತು ಕೂತರು. ಕೊನೆಗೆ ಒಳಗಿನಿಂದ ಅಳುವುದು ಕೇಳಿತು. ಅತ್ತೆ ಎದ್ದು ನಿಂತು, "ಅಳಾಕತ್ತಾಳ, ಕೇಳಿಲ್ಲೇನು? ಉಸಿರೈತಿ!" ಎಂದು ನನ್ನ ರಟ್ಟೆ ಹಿಡಿದು ಅಲುಗಾಡಿಸಿದರು.

ಬಾಯಿಗೆ ಬೆರಳು ಹಾಕಬಾರದೆಂದು ಮಗುವಿನ ಎರಡೂ ಮೊಳಕೈಗೆ ರಟ್ಟು ಕಟ್ಟಿದ್ದರು. ತುಟಿಯ ಅಂಚಿನಲ್ಲಿ ರಕ್ತ. ಪೂರಾ ಎಚ್ಚರವಾದ ಮೇಲೆ ಡಾಕ್ಟರಬಾಯಿ ಬಂದು ನೋಡಿ, ಸ್ವಲ್ಪ ಸಕ್ಕರೆ ನೀರು ಕೊಡಬಹುದು ಎಂದರು. ಅತ್ತೆ ಗಂಟು ತೋರಿಸಿದರು. ಡಾಕ್ಟರು ಬತ್ತಿಗಳನ್ನು ಕುದಿಸಿ ತರಲು ಸಿಸ್ಟರಿಗೆ ಹೇಳಿ, "ಒಳಗ ಮುಟ್ಟಸಬ್ಯಾಡ್ರಿ ಅಜ್ಜಿ, ತುಟಿ ಮ್ಯಾಲಿಂದ ಹನಿ ಬಿಡ್ರಿ" ಎಂದರು.

ಅತ್ತೆ ಹನಿ ಬಿಟ್ಟರು. ಮಗು ಗುಟುಕರಿಸಿತು. ಇನ್ನೊಂದು ಹನಿ. ಎಡಗೈಯಲ್ಲಿ ಸೆರಗಿನ ತುದಿ ಮೂಗಿನ ಕೆಳಗೆ ಹೋಗಿ ಕಾಯುತ್ತಿತ್ತು, ಎರಡು ವರ್ಷದ ರೂಢಿ. ಬಟ್ಟಲು ಅರ್ಧವಾಯಿತು, ಮುಗಿಯಿತು. ಮೂಗಿನಿಂದ ಏನೂ ಬರಲಿಲ್ಲ. ಸಿಸ್ಟರ್ ಬಟ್ಟಲು ತೆಗೆದುಕೊಂಡು ಹೋದಳು. ಅತ್ತೆಯ ಕೈ ಅಲ್ಲಿಯೇ ಇತ್ತು.

"ಕೈ ತಗೀರಿ ಅತ್ತಿ, ಮುಗೀತು" ಎಂದೆ.

"ಇರಽ, ಇನ್ನೊಂದೀಟು ನೋಡೂಣು" ಎಂದರು. ನಾನೂ ಅವರ ಪಕ್ಕ ಕೂತೆ. ಒಣಗಿಯೇ ಉಳಿದ ಸೆರಗನ್ನು ನೋಡುತ್ತ ಇಬ್ಬರೂ ಬಹಳ ಹೊತ್ತು ಅಲ್ಲಿಯೇ ಕೂತೆವು.